ಬಸ್ಸು ಫ್ರೀ, ಸರಿ. ಬಸ್‌ಸ್ಟಾಪಿನ ತನಕ ದಾರಿ?

ನಮ್ಮಮ್ಮನಿಗೆ 71. ಮಂಗಳವಾರ ಬಂತೆಂದರೆ ಕೆಂಗೇರಿಯಿಂದ ಬನಶಂಕರಿ ದೇವಸ್ಥಾನಕ್ಕೆ ಹೊರಡಲೇಬೇಕು. ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚಬೇಕು. ತಪ್ಪಿದರೆ ವಾರವಿಡೀ ಮನೆಯಲ್ಲಿ ನಮಗೆಲ್ಲ ರಾಹುಕಾಲ. ಮೊದಲೆಲ್ಲ ನನ್ನನ್ನೋ ನನ್ನ ಹೆಂಡತಿಯನ್ನೋ ಕಾಯುತ್ತಿದ್ದಳು. 2023ರ ಜೂನ್‌ನಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಮಾಡುವ ಶಕ್ತಿ ಯೋಜನೆ ಶುರುವಾಯಿತು ನೋಡಿ, ಅಮ್ಮ ಯಾರನ್ನೂ ಕಾಯುವುದನ್ನು ಬಿಟ್ಟಳು. ಹಾಲಿನ ಪ್ಯಾಕೆಟ್ ತೊಳೆದು ಒಣಗಿಸಿ ಆಧಾರ್ ಕಾರ್ಡಿಗೆ ಒಂದು ಕವರ್ ಮಾಡಿಕೊಂಡಿದ್ದಾಳೆ. ಕಂಡಕ್ಟರ್ ಮುಂದೆ ಅದನ್ನು ಹಿಡಿಯುವ ಗತ್ತೇ ಬೇರೆ.

ಕಳೆದ ಮಳೆಗಾಲದಲ್ಲಿ ಒಂದು ಮಂಗಳವಾರ ದೀಪವೂ ಇಲ್ಲ, ಬಸ್ಸೂ ಇಲ್ಲ. ಬಸ್‌ಸ್ಟಾಪಿಗೆ ಇಪ್ಪತ್ತು ಹೆಜ್ಜೆ ಇರುವಾಗ ಚರಂಡಿ ಮೇಲಿನ ಚಪ್ಪಡಿ ಮುರಿದಿತ್ತು, ಮೇಲೆ ನೀರು ನಿಂತಿತ್ತು, ಅಮ್ಮನ ಕಾಲು ಮೊಣಕಾಲ ತನಕ ಒಳಗೆ ಹೋಯಿತು. ಮೂಳೆ ಮುರಿದಿರಲಿಲ್ಲ, ಪುಣ್ಯ. ಮೂರು ವಾರ ಮನೆಯಲ್ಲೇ. ಕಾಲಿಗೆ ಅರಿಶಿನ-ಸುಣ್ಣದ ಪಟ್ಟು ಹಾಕಿಸಿಕೊಳ್ಳುತ್ತಾ ಅಮ್ಮ ಹೇಳಿದಳು: "ಬಸ್ಸು ಫ್ರೀ ಮಾಡಿದ್ರು, ಒಳ್ಳೇದೇ ಮಾಡಿದ್ರು. ಬಸ್ಸಿನ ತನಕ ಹೋಗೋ ದಾರಿ ಯಾರು ಮಾಡ್ಬೇಕು ಕಣೋ?"

ನನಗೆ ಉತ್ತರ ಗೊತ್ತಿರಲಿಲ್ಲ. ಹುಡುಕಿಕೊಂಡು ಹೋದೆ. ಅದೇ ಈ ಪೋಸ್ಟು. ಸ್ವಲ್ಪ ಉದ್ದ ಇದೆ, ಟೀ ಹಿಡಕೊಂಡು ಕೂತ್ಕೊಳ್ಳಿ.

ಯಾವ ಕಚೇರಿ ಅಂತ ಹೆಸರು ಹೇಳಲ್ಲ. ಅಲ್ಲಿದ್ದವರೂ ಸಂಬಳಕ್ಕೆ ದುಡಿಯೋ ಜನ. ಮೊದಲನೇ ಕಡೆ ಒಬ್ಬರು ಫೋಟೋ ನೋಡಿ, "ಸಾರ್, ಇದು ನಮಗೆ ಬರಲ್ಲ. ಕೇಬಲ್‌ನವರು ಅಗೆದಾಗ ಚಪ್ಪಡಿ ಎತ್ತಿದ್ದಾರೆ, ಅವರೇ ಹಾಕ್ಬೇಕು" ಅಂದರು. ಎರಡನೇ ಕಡೆ, "ನಾವು ಅಗೆದದ್ದು ಆ ಕಡೆ ಸಾರ್, ಈ ಕಡೆ ಅಲ್ಲ." ಮೂರನೇ ಕಡೆ ಒಬ್ಬ ಹುಡುಗ ಇಂಜಿನಿಯರ್ ಸಿಕ್ಕ. ಪಾಪ, ಸ್ಥಳಕ್ಕೇ ಬಂದ. ಟೇಪು ಹಿಡಿದು ಅಳೆದ. ಬಗ್ಗಿ ಒಳಗೆ ಇಣುಕಿ ನೋಡಿದ. ಎದ್ದು ನಿಂತು, ಕೈ ಒರೆಸಿಕೊಂಡು, "ಚರಂಡಿ ನಮ್ಮದೇ. ಆದರೆ ಈ ರಸ್ತೆ ಅಗಲ ಮಾಡೋ ಪ್ರಪೋಸಲ್ ಇನ್ನೊಬ್ಬರ ಹತ್ರ ಇದೆ. ಈಗ ಹಾಕಿದ್ರೆ ಆಡಿಟ್‌ನಲ್ಲಿ ಕೇಳ್ತಾರೆ" ಅಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಅದೇ ನನಗೆ ಜಾಸ್ತಿ ಬೇಜಾರಾದದ್ದು. ಯಾರೂ ಸುಳ್ಳು ಹೇಳಿರಲಿಲ್ಲ.

ಆಮೇಲೆ ಪಕ್ಕದ ಟೀ ಅಂಗಡಿ ಅಣ್ಣ ಒಂದು ಹಲಗೆ ತಂದು ಹಾಕಿದರು. ಯಾವುದೋ ಮನೆಯ ಮೋಲ್ಡಿಂಗ್ ಕೆಲಸಕ್ಕೆ ಬಳಸಿದ್ದ ಸೆಂಟ್ರಿಂಗ್ ಹಲಗೆ, ಸಿಮೆಂಟು ಇನ್ನೂ ಅಂಟಿಕೊಂಡಿತ್ತು. ಎರಡು ಕಡೆ ಇಟ್ಟಿಗೆ ಕೊಟ್ಟು ಕೂರಿಸಿದರು. ಹತ್ತು ನಿಮಿಷದ ಕೆಲಸ.

ಇನ್ನು ಅಮ್ಮನ ಪ್ರಶ್ನೆಗೆ ಬರೋಣ. ಸಂವಿಧಾನದ 74ನೇ ತಿದ್ದುಪಡಿ ಅಂತ ಒಂದಿದೆ, 1993ರ ಜೂನ್‌ನಿಂದ ಜಾರಿಯಲ್ಲಿದೆ. ನಗರಪಾಲಿಕೆಗಳಿಗೆ ಏನೇನು ಕೆಲಸ ಕೊಡಬಹುದು ಅಂತ 12ನೇ ಅನುಸೂಚಿಯಲ್ಲಿ 18 ಬಾಬತ್ತು ಬರೆದಿದ್ದಾರೆ. ರಸ್ತೆ, ಸೇತುವೆ ಇದೆ. ನೀರು ಇದೆ. ನಗರ ಯೋಜನೆ ಇದೆ. 17ನೇದರಲ್ಲಿ ಬೀದಿದೀಪ, ಪಾರ್ಕಿಂಗ್, ಶೌಚಾಲಯದ ಜೊತೆ "ಬಸ್ ನಿಲ್ದಾಣ" ಅಂತಲೂ ಇದೆ, ರಸ್ತೆ ಬದಿಯ ಸ್ಟಾಪು. ಹದಿನೆಂಟನ್ನೂ ಎರಡು ಸಲ ಓದಿದೆ. ಬಸ್ಸು ಎಲ್ಲೂ ಇಲ್ಲ! ನಗರ ಸಾರಿಗೆ ಅನ್ನೋ ಮಾತೇ ಇಲ್ಲ. ಬಸ್ಸು ನಿಲ್ಲುವ ಜಾಗ ಊರಿನದು, ನಿಲ್ಲುವ ಬಸ್ಸು ರಾಜ್ಯದ್ದು. ಅಮ್ಮ ಬಿದ್ದದ್ದು ಇವೆರಡರ ನಡುವೆ.

ಬೆಂಗಳೂರಲ್ಲಂತೂ ಪಟ್ಟಿಯಲ್ಲಿ ಇರುವುದೂ ಪಾಲಿಕೆಯ ಕೈಯಲ್ಲಿಲ್ಲ. ನೀರು, ಒಳಚರಂಡಿ ಜಲಮಂಡಳಿಯದು, ಅದು 1964ರಿಂದಲೂ ರಾಜ್ಯದ ಸಂಸ್ಥೆ. ಊರಿನ ಮಾಸ್ಟರ್ ಪ್ಲಾನ್ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಮಾಡುತ್ತಾ ಬಂತು, ಅದೂ ರಾಜ್ಯದ್ದು. ಫುಟ್‌ಪಾತಿನ ಮಧ್ಯ ಕೂತ ಟ್ರಾನ್ಸ್‌ಫಾರ್ಮರ್ ಕರೆಂಟಿನ ಕಂಪನಿ ಬೆಸ್ಕಾಂದು. ಊರೊಳಗೆ ಬಸ್ಸು ಓಡಿಸುವ ಬಿಎಂಟಿಸಿ 1997ರಲ್ಲಿ ಕೆಎಸ್‌ಆರ್‌ಟಿಸಿಯಿಂದ ಬೇರೆಯಾದ ನಿಗಮ, ಉತ್ತರ ಕೊಡುವುದು ಸಾರಿಗೆ ಸಚಿವರಿಗೆ. ಮೆಟ್ರೋ ಅರ್ಧ ಕೇಂದ್ರದ್ದು, ಅರ್ಧ ರಾಜ್ಯದ್ದು. ಸಬರ್ಬನ್ ರೈಲಿಗೆ ರಾಜ್ಯ ಮತ್ತು ರೈಲ್ವೆ ಸೇರಿದ ಇನ್ನೊಂದು ಕಂಪನಿ. ಸಿಗ್ನಲ್ ಬಳಿ ನಿಲ್ಲುವವರು ಪೊಲೀಸರು. ಪಾಲಿಕೆಗೆ ಉಳಿದದ್ದು ಡಾಂಬರು, ಕಸ, ಚಪ್ಪಡಿ, ಮತ್ತೆ ಎಲ್ಲರ ಬೈಗುಳ.

ಆ ಬೈಗುಳ ಕೇಳೋಕಾದರೂ ಒಬ್ಬರು ಬೇಕಲ್ಲ? ಬೆಂಗಳೂರಿನ ಆಗಿನ ಪಾಲಿಕೆ ಬಿಬಿಎಂಪಿಯ ಕೊನೆಯ ಚುನಾವಣೆ ನಡೆದದ್ದು 2015ರಲ್ಲಿ. 2020ರ ಸೆಪ್ಟೆಂಬರ್‌ಗೆ 198 ಕಾರ್ಪೊರೇಟರ್‌ಗಳ ಅವಧಿ ಮುಗಿಯಿತು. ಅಲ್ಲಿಂದ 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯೇ ಮುಗಿಯುವ ತನಕ, ಐದು ವರ್ಷ, ಆಡಳಿತಾಧಿಕಾರಿಗಳದ್ದೇ ರಾಜ್ಯಭಾರ. ಕಾರ್ಪೊರೇಟರ್‌ಗಳ ಬಗ್ಗೆ ನನಗೇನೂ ದೊಡ್ಡ ಭ್ರಮೆ ಇಲ್ಲ. ನಮ್ಮ ವಾರ್ಡಿನವರು ಫ್ಲೆಕ್ಸಿನಲ್ಲೇ ಜಾಸ್ತಿ ಕಾಣುತ್ತಿದ್ದರು. ಆದರೂ ಬೆಳಿಗ್ಗೆ ಏಳಕ್ಕೆ ಅವರ ಮನೆ ಗೇಟು ಬಡಿಯಬಹುದಿತ್ತು. "ಏನ್ ಸ್ವಾಮಿ, ಚಪ್ಪಡಿ?" ಅಂತ ಕೇಳಬಹುದಿತ್ತು. ಅವರು ಜಲಮಂಡಳಿಗೆ, ಬೆಸ್ಕಾಂಗೆ, ಟೆಲಿಫೋನಿನವರಿಗೆ ಫೋನ್ ಹಾಕಿ ಕೂಗಾಡುತ್ತಿದ್ದರು. ನಮ್ಮ ಊರಲ್ಲಿ "ಸಮನ್ವಯ" ಅಂದರೆ ಬಹಳ ಕಾಲ ಅದೇ ಆಗಿತ್ತು, ಒಬ್ಬ ಮನುಷ್ಯನ ಕೂಗಾಟ. ಅದೂ ಹೋಯಿತು.

ಹಾಗಂತ ಎಲ್ಲರೂ ಸೇರಿ ಕೆಲಸ ಮಾಡಿದ್ದೇ ಇಲ್ಲ ಅಂದರೆ ತಪ್ಪಾಗುತ್ತೆ. 2019ರ ಅಕ್ಟೋಬರ್ ನೆನಪಿದೆಯಾ? ಸಿಲ್ಕ್‌ಬೋರ್ಡಿನಿಂದ ಹೊರವರ್ತುಲ ರಸ್ತೆಯಲ್ಲಿ ಬಸ್ಸಿಗೇ ಒಂದು ಪಥ ಮಾಡಿದ್ದರು. ಆಗ ನನ್ನ ಆಫೀಸು ಬೆಳ್ಳಂದೂರಿನ ಹತ್ತಿರ. ಗೂಟ ನೆಟ್ಟದ್ದು ಪಾಲಿಕೆ, ಬಸ್ಸು ಓಡಿಸಿದ್ದು ಬಿಎಂಟಿಸಿ, ನುಗ್ಗುವ ಕಾರುಗಳನ್ನು ತಡೆದದ್ದು ಟ್ರಾಫಿಕ್ ಪೊಲೀಸರು, ಹಿಂದೆ ನಿಂತು ಲೆಕ್ಕ ಹಾಕಿದ್ದು ನಗರ ಭೂಸಾರಿಗೆ ನಿರ್ದೇಶನಾಲಯ. ಪಕ್ಕದಲ್ಲಿ ಕಾರುಗಳು ನಿಂತಲ್ಲೇ ನಿಂತಿವೆ, ನಮ್ಮ ಬಸ್ಸು ಸರ್ರಂತ ಹೋಗುತ್ತಿದೆ. ಕಿಟಕಿ ಪಕ್ಕ ಕೂತು ಎಸಿ ಕಾರಿನವರನ್ನು ನೋಡಿ ಕನಿಕರ ಪಟ್ಟ ಜೀವನದ ಏಕೈಕ ಕಾಲ ಅದು. ಆಮೇಲೆ ಕೊರೊನಾ ಬಂತು. ಅದರ ಹಿಂದೆಯೇ ಅದೇ ರಸ್ತೆಗೆ ಮೆಟ್ರೋ ಕೆಲಸ ಬಂತು. ಗೂಟ ಹೋದವು, ಪಥವೂ ಹೋಯಿತು. ಮೆಟ್ರೋ ಬೇಕು, ಇಲ್ಲ ಅನ್ನಲ್ಲ. ಆದರೆ ಒಂದು ಸಾರ್ವಜನಿಕ ಸಾರಿಗೆ ಕಟ್ಟಲು ಇನ್ನೊಂದು ಸಾರ್ವಜನಿಕ ಸಾರಿಗೆಯ ದಾರಿ ಕಿತ್ತರೆ, ಅದು ವಾಪಸ್ ಬರುತ್ತದೆ ಅಂತ ಬರೆದಿಟ್ಟುಕೊಳ್ಳುವ ಪುಸ್ತಕ ಯಾರ ಹತ್ತಿರ ಇರುತ್ತದೆ?

ಇನ್ನೊಂದು ಟೆಂಡರ್‌ಶ್ಯೂರ್ ರಸ್ತೆಗಳು. ರೆಸಿಡೆನ್ಸಿ ರಸ್ತೆ, ಕನ್ನಿಂಗ್‌ಹ್ಯಾಂ ರಸ್ತೆ ಕಡೆ ಓಡಾಡುವವರಿಗೆ ಗೊತ್ತು. ನೀರು, ಒಳಚರಂಡಿ, ಕರೆಂಟು, ಕೇಬಲ್ ಎಲ್ಲದಕ್ಕೂ ಮೊದಲೇ ಜಾಗ ಗೊತ್ತು ಮಾಡಿ, ಫುಟ್‌ಪಾತ್ ಕೆಳಗೆ ಹಾಕಿ, ಆಮೇಲೆ ಮೇಲೆ ಮುಚ್ಚಿದರು. ನಾಳೆ ಯಾರಿಗಾದರೂ ತಂತಿ ಎಳೆಯಬೇಕು ಅಂದರೆ ಮುಚ್ಚಳ ತೆಗೆದರೆ ಸಾಕು, ರಸ್ತೆ ಅಗೆಯಬೇಕಿಲ್ಲ. ಕೆಲಸ ನಡೆಯುವಾಗ ಬೈದವರಲ್ಲಿ ನಾನೂ ಒಬ್ಬ, ಅಷ್ಟು ನಿಧಾನ. ಖರ್ಚೂ ಜಾಸ್ತಿ. ಆದರೆ ಆ ನಿಧಾನ ಯಾಕೆ ಅಂತ ಈಗ ಅರ್ಥವಾಗುತ್ತೆ. ಕೆಳಗೆ ಯಾರ ಪೈಪು ಎಲ್ಲಿದೆ ಅಂತ ಒಬ್ಬೊಬ್ಬರನ್ನೇ ಕರೆದು ಕೇಳುವುದರಲ್ಲೇ ಕಾಲ ಹೋಗುತ್ತೆ. ನಮ್ಮ ಕೆಂಗೇರಿ ಕಡೆಗೆ ಆ ಭಾಗ್ಯ ಬಂದಿಲ್ಲ ಬಿಡಿ.

"ಎಲ್ಲವನ್ನೂ ಪಾಲಿಕೆಗೇ ಕೊಟ್ಟುಬಿಡಿ" ಅಂತ ಕೆಲವು ಗೆಳೆಯರು ಹೇಳುತ್ತಾರೆ. ನನಗೆ ಅಷ್ಟು ಧೈರ್ಯ ಇಲ್ಲ. ಮುಂಬೈಯ ಬೆಸ್ಟ್ ಬಸ್ಸುಗಳು ಅಲ್ಲಿನ ಪಾಲಿಕೆಯವೇ. ದೇಶದಲ್ಲೇ ಶ್ರೀಮಂತ ಪಾಲಿಕೆ ಅದು. ಆದರೂ ಬೆಸ್ಟ್‌ನ ಸ್ವಂತ ಬಸ್ಸುಗಳು ವರ್ಷದಿಂದ ವರ್ಷಕ್ಕೆ ಕರಗುತ್ತಾ ಬಂದಿವೆ. ಪುಣೆಯಲ್ಲಿ ಪುಣೆ, ಪಿಂಪ್ರಿ-ಚಿಂಚ್‌ವಾಡ ಎರಡು ಪಾಲಿಕೆ ಸೇರಿ 2007ರಲ್ಲಿ ಒಂದೇ ಬಸ್ ಕಂಪನಿ ಮಾಡಿದವು. ನಷ್ಟವನ್ನು ಇಬ್ಬರೂ ಹಂಚಿಕೊಳ್ಳುತ್ತಾರೆ. ಈಗ ಐದು ಪಾಲಿಕೆಯಾಗಿರುವ ಬೆಂಗಳೂರಿಗೆ ಪುಣೆಯ ಕಥೆ ಕೇಳುವಂಥದ್ದು. ಆದರೆ ಶಕ್ತಿಯಂಥ ಯೋಜನೆಯ ದುಡ್ಡನ್ನು ಯಾವ ಪಾಲಿಕೆಯೂ ತನ್ನ ಆಸ್ತಿ ತೆರಿಗೆಯಿಂದ ಕೊಡೋಕಾಗಲ್ಲ. ಅದಕ್ಕೆ ರಾಜ್ಯವೇ ಬೇಕು. ನಮ್ಮಮ್ಮನ ಟಿಕೆಟಿಗೆ ವಿಧಾನಸೌಧ ಬೇಕು, ಚಪ್ಪಡಿಗೆ ವಾರ್ಡ್ ಆಫೀಸು ಬೇಕು. ಎರಡೂ ಬೇಕು.

ಎರಡು ಸರ್ಕಾರ ಇದ್ದೂ ಜವಾಬ್ದಾರಿ ಜಾರಿಹೋಗೋದು ಹೇಗೆ ಅಂತ 2025ರ ಫೆಬ್ರವರಿಯಲ್ಲಿ ನೋಡಿದೆವಲ್ಲ. ಮೆಟ್ರೋ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಹೋಯಿತು. ಕೇಂದ್ರದ ಕಡೆಯವರು ರಾಜ್ಯ ಅಂದರು, ರಾಜ್ಯದವರು ಕೇಂದ್ರ ಅಂದರು, ಕೊನೆಗೆ ಇಬ್ಬರೂ ದರ ನಿಗದಿ ಸಮಿತಿಯ ಕಡೆ ಕೈ ತೋರಿಸಿದರು. ಅರ್ಧ-ಅರ್ಧ ಪಾಲುದಾರಿಕೆ. ದುಡ್ಡು ಕೊಟ್ಟದ್ದು ಮಾತ್ರ ಪೂರ್ತಿ ನಾವೇ.

ಈಗ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದಿದೆ. 2025ರ ಸೆಪ್ಟೆಂಬರ್ 2ರಿಂದ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಅಂತ ಐದು ಪಾಲಿಕೆ. ಮೇಲೆ ಜಿಬಿಎ, ಅದಕ್ಕೆ ಮುಖ್ಯಮಂತ್ರಿಯೇ ಅಧ್ಯಕ್ಷರು. ಸಾರಿಗೆಯನ್ನೆಲ್ಲ ಒಟ್ಟಿಗೆ ನೋಡಲು ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರ ಅಂತ ಇನ್ನೊಂದಿದೆ, 2022ರ ಕಾನೂನು. ಅದಕ್ಕೂ ಮುಖ್ಯಮಂತ್ರಿಯೇ ಅಧ್ಯಕ್ಷರು. ಎಲ್ಲ ಇಲಾಖೆಯವರನ್ನೂ ಒಂದೇ ಮೇಜಿಗೆ ತರಬೇಕು ಅನ್ನೋ ಯೋಚನೆ ಸರಿಯಾಗೇ ಇದೆ. ನನ್ನ ತಕರಾರು ಮೇಜಿನ ಎತ್ತರದ್ದು. ಮುಖ್ಯಮಂತ್ರಿಗಳು ಕೂತ ಮೇಜಿನ ಮೇಲೆ ಹೆಬ್ಬಾಳದಿಂದ ಸಿಲ್ಕ್‌ಬೋರ್ಡಿನ ತನಕದ ಸುರಂಗ ರಸ್ತೆ ಬರುತ್ತದೆ, 17 ಸಾವಿರ ಕೋಟಿಗೂ ಮೇಲಿನ ಲೆಕ್ಕ. ಅದರ ಮಾತು ಶುರುವಾಗಿ ಮಂಜೂರಾಗುವ ತನಕ ಊರಲ್ಲಿ ಒಬ್ಬ ಕಾರ್ಪೊರೇಟರ್ ಇರಲಿಲ್ಲ, ಗಮನಿಸಿ. ಆ ಮೇಜಿಗೆ ಕೆಂಗೇರಿಯ ಚಪ್ಪಡಿ ಯಾವತ್ತೂ ಹತ್ತಲ್ಲ. ಹತ್ತಬಾರದು ಕೂಡ. ಒಬ್ಬ ಮುಖ್ಯಮಂತ್ರಿ ಚಪ್ಪಡಿ ಎಣಿಸುತ್ತಾ ಕೂತರೆ ಅದು ಇನ್ನೊಂದು ತಮಾಷೆ.

ನಾನು ಕೇಳೋದು ಚಿಕ್ಕದು. ಹೊಸ ಮೆಟ್ರೋ ಸ್ಟೇಷನ್ನೋ ಹೊಸ ಬಸ್ ರೂಟೋ ಮಂಜೂರಾದರೆ, ಅದರ ದುಡ್ಡಿನಲ್ಲೇ ಸುತ್ತಲಿನ ಅರ್ಧ ಕಿಲೋಮೀಟರ್ ಫುಟ್‌ಪಾತಿನ ಪಾಲು ಎತ್ತಿಟ್ಟು ಆ ಪಾಲಿಕೆಗೆ ಕೊಡಿ. ಕೊಟ್ಟ ಮೇಲೆ ಆ ಅರ್ಧ ಕಿಲೋಮೀಟರಿಗೆ ಒಬ್ಬರ ಹೆಸರು, ಒಂದು ಫೋನ್ ನಂಬರ್ ಸ್ಟಾಪಿನಲ್ಲೇ ಬರೆಯಿರಿ. ಕೇಬಲ್‌ನವರು ಅಗೆದಿರಲಿ, ನೀರಿನವರು ಅಗೆದಿರಲಿ, ನಾನು ಫೋನ್ ಮಾಡುವುದು ಆ ಒಬ್ಬರಿಗೇ. ಯಾರಿಂದ ದುಡ್ಡು ವಸೂಲಿ ಮಾಡಬೇಕೋ ಅವರು ನೋಡಿಕೊಳ್ಳಲಿ. ಅವರವರ ಗಡಿ ಜಗಳ ಒಳಗೆ ಇರಲಿ, ಅಮ್ಮನ ಕಾಲಿನ ತನಕ ಬರೋದು ಬೇಡ.

ಅಮ್ಮ ಈಗ ಮತ್ತೆ ಮಂಗಳವಾರ ಹೊರಡುತ್ತಾಳೆ. ಕೈಯಲ್ಲಿ ಒಂದು ಊರುಗೋಲು ಸೇರಿಕೊಂಡಿದೆ, ಬ್ಯಾಗಿನಲ್ಲಿ ಅದೇ ಹಾಲಿನ ಕವರಿನ ಆಧಾರ್. ಹಲಗೆ ಬಂದಾಗ ಕೋಲಿನಿಂದ ಎರಡು ಸಲ ಕುಟ್ಟಿ ನೋಡಿ ದಾಟುತ್ತಾಳೆ. ಹೋದ ವಾರ ನಾನೂ ಜೊತೆಗಿದ್ದೆ. ಹಲಗೆಯ ಮೂಲೆಯಲ್ಲಿ ಯಾರೋ ಬಿಳಿ ಪೇಂಟಿನಲ್ಲಿ ಒಂದು ನಂಬರ್ ಬರೆದಿದ್ದರು, ಕರೆಂಟು ಕಂಬಕ್ಕೆ ಬರೆಯುತ್ತಾರಲ್ಲ, ಹಾಗೆ. ಟೀ ಅಂಗಡಿ ಅಣ್ಣನನ್ನು ಕೇಳಿದೆ.

"ಮೊನ್ನೆ ಸರ್ವೆಗೆ ಅಂತ ಇಬ್ಬರು ಬಂದಿದ್ರು ಸಾರ್, ಎಲ್ಲಾದಕ್ಕೂ ನಂಬರ್ ಹಾಕ್ಕೊಂಡು ಹೋದ್ರು."

"ಯಾವ ಇಲಾಖೆಯವರು?"

"ಹೇಳಲಿಲ್ಲ" ಅಂದರು ಅಣ್ಣ. "ಹಲಗೆ ನಂದು ಅಂತ ನಾನೂ ಹೇಳಲಿಲ್ಲ."