ಉಪಗ್ರಹ ನಮ್ಮನ್ನು ನೋಡುತ್ತಿಲ್ಲ
ಫೋನಿನ ಲೊಕೇಶನ್ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ ಸರ್. ಆದರೆ ‘ಜಿಪಿಎಸ್ ಆನ್ ಇದ್ದರೆ ಉಪಗ್ರಹ ನಿಮ್ಮನ್ನು ನೋಡುತ್ತಿರುತ್ತದೆ’ ಅಂತ ಬರೆದಿರುವುದು ಸರಿಯಿಲ್ಲ. ಸುಮಾರು 20,200 ಕಿ.ಮೀ. ಎತ್ತರದಲ್ಲಿರುವ ಆ ಉಪಗ್ರಹಗಳಿಗೆ ನಮ್ಮ ಫೋನ್ ಇದೆ ಅನ್ನುವುದೇ ಗೊತ್ತಿಲ್ಲ. ಅವು ಸುಮ್ನೆ ಸಮಯವನ್ನೂ ತಾವಿರುವ ಜಾಗವನ್ನೂ ಸಾರುತ್ತಾ ಹೋಗುತ್ತವೆ. ಕನಿಷ್ಠ 4 ಉಪಗ್ರಹಗಳ ಸಿಗ್ನಲ್ ಹಿಡಿದು, ಲೆಕ್ಕ ಹಾಕುವುದು ಫೋನೇ. ದೇವರಾಯನದುರ್ಗದ ತಿರುವುಗಳಲ್ಲಿ ನೆಟ್‌ವರ್ಕ್ ಕೈಕೊಟ್ಟರೆ ಗಮನಿಸಿ. ಮ್ಯಾಪ್ ಖಾಲಿ ಖಾಲಿ, ನಾವಿರುವ ಜಾಗ ತೋರಿಸುವ ನೀಲಿ ಚುಕ್ಕಿ ಮಾತ್ರ ತನ್ನ ಪಾಡಿಗೆ ಬೆಟ್ಟ ಹತ್ತುತ್ತಿರುತ್ತದೆ.

ತುಮಕೂರಿನ ಮಂಡಿಪೇಟೆಯ ಅಂಗಡಿಯೊಳಗೆ ಕಥೆ ಬೇರೆ. ಮೇಲೆ ಸೂರು ಅಡ್ಡ. ಅಲ್ಲಿ ಅಕ್ಕಪಕ್ಕದ ವೈಫೈ, ಟವರ್ ನೋಡಿಕೊಂಡು ಫೋನ್ ಅಂದಾಜು ಮಾಡುತ್ತದೆ. ಆ ವೈಫೈಗೆ ಕನೆಕ್ಟ್ ಆಗಬೇಕಂತಲೂ ಇಲ್ಲ!

ನಿಜವಾಗಿ ಬೆನ್ನು ಹತ್ತುವುದು ಆ್ಯಪ್‌ಗಳು. ನಮ್ಮ ಮಾವನ ಫೋನಿನಲ್ಲಿ ಒಂದು ಟಾರ್ಚ್ ಆ್ಯಪ್ ಮೂರು ಹೊತ್ತೂ ಲೊಕೇಶನ್ ತಗೊಳ್ತಿತ್ತು. ಬೆಳಕು ಬಿಡೋಕೆ ಇವರು ಎಲ್ಲಿದ್ದರೇನು, ಅಲ್ವಾ? ಕಿತ್ತುಹಾಕಿದೆ. ಆಂಡ್ರಾಯ್ಡ್ 12ರಿಂದೀಚೆಗೆ ಆ್ಯಪ್‌ಗಳಿಗೆ ನಿಖರ ಜಾಗ ಕೊಡದೆ ಅಂದಾಜು ಜಾಗವನ್ನಷ್ಟೇ ಕೊಡಬಹುದು. ಹವಾಮಾನದ ಆ್ಯಪ್‌ಗೆ ಅಷ್ಟು ಸಾಕು. ಊಟ ತರಿಸುವಾಗ ಮಾತ್ರ ನಿಖರವಾಗಿ ಕೊಡಿ, ಇಲ್ಲಾಂದ್ರೆ ಡೆಲಿವರಿ ಹುಡುಗ ಪಕ್ಕದ ಕ್ರಾಸ್‌ನಲ್ಲಿ ನಿಂತು ಫೋನ್ ಮಾಡ್ತಾನೆ.