ತೊಂಬತ್ತು ಪರ್ಸೆಂಟ್ ಬರ್ತೀನಿ

ಹೀಟರ್ ಮೇಲಿಟ್ಟ ಶೂ ಇನ್ನೂ ಒಣಗಿಲ್ಲ. ನಿನ್ನೆ ರಾತ್ರಿ ಹನ್ನೊಂದಕ್ಕೆ ಮನೆ ಸೇರಿದವಳು ಇವತ್ತು ಮಧ್ಯಾಹ್ನ ಅನ್ನ ಸಾರು ಉಂಡು ಕಾಲು ಚಾಚಿದ್ದೆ ಅಷ್ಟೇ, ಫೋನು ಕುಂಯ್ ಅಂದಿತು. ನಮ್ಮ ಕ್ಯಾಮೆರಾ ಗುಂಪಿನಲ್ಲಿ ಮೆಸೇಜು. ‘ಸೂಪರ್ ಟ್ರಿಪ್! ಮುಂದಿನದು ಯಾವಾಗ? ನಾನು ತೊಂಬತ್ತು ಪರ್ಸೆಂಟ್ ಬರ್ತೀನಿ.’

ಶೂ ಎತ್ತಿ ಎಸೆಯೋಣ ಅನ್ನಿಸಿತು. ಆದರೆ ಅವರ ಮನೆ ಇರುವುದು ಮ್ಯೂನಿಕ್ಕಿನ ಆ ತುದಿಯಲ್ಲಿ. ಅಷ್ಟು ದೂರ ಹೋಗುವುದಿಲ್ಲ.

ಇಲ್ಲಿಗೆ ಬಂದ ಎರಡು ವರ್ಷಕ್ಕೆ ನಮ್ಮವರಿಗೆಲ್ಲ ಒಂದು ಕ್ಯಾಮೆರಾ ಬರುತ್ತದೆ, ಊರಲ್ಲಿ ನಲವತ್ತು ದಾಟಿದವರಿಗೆ ಶುಗರ್ ಬಂದ ಹಾಗೆ. ಬಂದ ಮೇಲೆ ಸುಮ್ನೆ ಇರಲಾಗುವುದಿಲ್ಲ, ಓಡಾಡಿಸಬೇಕು. ಹಾಗೆ ಓಡಾಡಿಸುವವರು ನಾವು ಆರು ಜನ. ಹಾಸನದ ಗಂಡ ಹೆಂಡತಿ. ಟ್ರೈಪಾಡ್ ರಾಯರು. ಮಾಸ್ಟರ್ಸ್ ಓದುತ್ತಿರುವ ಬೆಳಗಾವಿಯ ಹುಡುಗ. ನಾನು. ಮತ್ತೆ ಈ ತೊಂಬತ್ತು. ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ. ನನಗೆ ಈಗ ಅದನ್ನು ಬಳಸುವ ಮನಸ್ಸಿಲ್ಲ.

ಟ್ರಿಪ್ ಪ್ಲಾನ್ ಮಾಡುವ ಕೆಲಸ ನನ್ನ ತಲೆಗೆ ಬಂದದ್ದು ಹೇಗೆ ಅಂತ ಕೇಳಬೇಡಿ. ‘ಎಲ್ಲಾದರೂ ಹೋಗೋಣವಾ?’ ಅಂತ ಮೊದಲು ಕೇಳಿದವರೇ ಕೊನೆಗೆ ಟಿಕೆಟ್ ತರಬೇಕು, ಇದು ಎಲ್ಲ ಗುಂಪುಗಳ ಅಲಿಖಿತ ಕಾನೂನು. ನಾನು ಕೇಳಿದ್ದೆ.

ಎಲ್ಲಿಗೆ ಅಂತ ಗುಂಪಿನಲ್ಲಿ ವೋಟಿಂಗ್ ಇಟ್ಟೆ. ಆರು ಜನ, ಎಂಟು ವೋಟು. ಒಬ್ಬರಿಗೆ ಒಂದೇ ವೋಟು ಅಂತ ಸೆಟ್ಟಿಂಗ್ ಬದಲಾಯಿಸುವುದು ಮರೆತಿದ್ದೆ, ಈ ತೊಂಬತ್ತು ಅನ್ನುವವರು ಒಬ್ಬರೇ ಮೂರೂ ಊರಿಗೆ ಒತ್ತಿದ್ದರು. ಅಂತೂ ಸಾಲ್ಜ್‌ಬರ್ಗ್ ಗೆದ್ದಿತು. ದೂರ ಅಂದರೆ ಹೆಚ್ಚುಕಮ್ಮಿ ಬೆಂಗಳೂರಿಂದ ಮೈಸೂರಿಗೆ ಹೋದಷ್ಟು. ಎರಡು ಗಂಟೆಯೂ ಬೇಡ. ಆದರೂ ಅದು ಆಸ್ಟ್ರಿಯಾ, ಬೇರೆ ದೇಶ. ಊರಿಗೆ ಫೋನ್ ಮಾಡಿ ‘ಶನಿವಾರ ಫಾರಿನ್‌ಗೆ ಹೋಗ್ತಿದ್ದೀವಿ’ ಅಂದರೆ ಅಪ್ಪ, ‘ನೀನಿರೋದೇ ಫಾರಿನ್ ಅಲ್ವೇನೇ?’ ಅಂದರು.

ಇನ್ನು ಟಿಕೆಟ್ ವಿಷಯ. ಬಾಯರ್ನ್ ಟಿಕೆಟ್ ಅಂತ ಒಂದಿದೆ. ಬಾಯರ್ನ್ ಅಂದರೆ ಬವೇರಿಯಾ, ಮ್ಯೂನಿಕ್ ಇರುವ ರಾಜ್ಯ. ಒಬ್ಬರಿಗೆ ಇಷ್ಟು ಅಂತ ದರ, ಜೊತೆಗೆ ಸೇರುವ ಒಬ್ಬೊಬ್ಬರಿಗೂ ಸ್ವಲ್ಪ ಸ್ವಲ್ಪ ಜಾಸ್ತಿ. ಹೆಚ್ಚೆಂದರೆ ಐದು ಜನ. ಐದೂ ತುಂಬಿದರೆ ತಲೆಗೆ ಬೀಳುವುದು ತೀರಾ ಕಡಿಮೆ. ವೇಗದ ರೈಲಿಗೆ ನಡೆಯುವುದಿಲ್ಲ, ಊರೂರಲ್ಲಿ ನಿಲ್ಲುವ ರೈಲು ಹತ್ತಬೇಕು. ವಾರದ ದಿನಗಳಲ್ಲಿ ಬೆಳಿಗ್ಗೆ 9ರ ನಂತರವೇ ಹೊರಡಬೇಕು, ಶನಿವಾರ ಭಾನುವಾರ ಆ ಕಾಟ ಇಲ್ಲ. ಇಷ್ಟು ಸಾಲದು ಅಂತ, ಬವೇರಿಯಾದ ಈ ಟಿಕೆಟ್ ಗಡಿ ದಾಟಿ ಸಾಲ್ಜ್‌ಬರ್ಗ್ ಸ್ಟೇಷನ್‌ವರೆಗೂ ನಡೆಯುತ್ತದೆ. ಬೆಳಗಾವಿಯ ಹುಡುಗನ ಹತ್ತಿರ ಇಡೀ ಜರ್ಮನಿಗೆ ಆಗುವ ತಿಂಗಳ ಟಿಕೆಟ್ ಇದೆ, ಅದೂ ಅಲ್ಲಿವರೆಗೆ ನಡೆಯುತ್ತದೆ. ಅವನನ್ನು ಬಿಟ್ಟರೆ ನಾವು ಸರಿಯಾಗಿ ಐದು ಜನ. ಲೆಕ್ಕ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಸಲೀಸು. ತೊಂಬತ್ತು ಬಂದರೆ.

‘ಬರ್ತೀರಾ?’ ಅಂತ ಕೇಳಿದೆ.

‘ತೊಂಬತ್ತು ಪರ್ಸೆಂಟ್ ಬರ್ತೀನಿ ಕಣ್ರೀ.’

‘ಇನ್ನು ಹತ್ತು ಪರ್ಸೆಂಟ್ ಯಾರ ಕೈಯಲ್ಲಿದೆ?’

‘ಶನಿವಾರ ಬಟ್ಟೆ ಒಗೆಯೋದಿದೆ. ನಮ್ಮ ಬಿಲ್ಡಿಂಗ್‌ನಲ್ಲಿ ಭಾನುವಾರ ಮೆಷಿನ್ ಹಾಕೋ ಹಾಗಿಲ್ಲ.’

ತೊಂಬತ್ತು ಪರ್ಸೆಂಟ್ ಅಂದರೆ ಹತ್ತು ಸಲ ಕರೆದರೆ ಒಂಬತ್ತು ಸಲ ಬರಬೇಕು, ಅಲ್ವಾ? ನಾನು ಸುಮ್ನೆ ಕೂತು ಹಳೇ ಮೆಸೇಜು ತೆಗೆದು ಎಣಿಸಿದೆ. ಈವರೆಗೆ ಏಳು ಸಲ ತೊಂಬತ್ತು ಅಂದಿದ್ದಾರೆ. ಬಂದದ್ದು ಎರಡು ಸಲ. ಅದರಲ್ಲೂ ಒಂದು ಸಲ ಅವರ ಮನೆಯಲ್ಲೇ ಸೇರಿದ್ದೆವು. ಗುರುವಾರ ಅವರ ಪರ್ಸೆಂಟ್ ತೊಂಬತ್ತೈದಕ್ಕೆ ಏರಿತು. ಹಾಸನದವರ ಹೆಂಡತಿ ಪುಳಿಯೋಗರೆ ತರ್ತೀನಿ ಅಂದಿದ್ದರ ಪ್ರಭಾವ. ಶುಕ್ರವಾರ ಸಂಜೆ ಎಂಬತ್ತೈದಕ್ಕೆ ಇಳಿಯಿತು, ಗಂಟಲು ಕೆರೆತವಂತೆ. ಷೇರು ಪೇಟೆ ನೋಡುವವರ ಹಾಗೆ ನಾನು ಅಡುಗೆಮನೆಯಿಂದ ಆಗಾಗ ಬಂದು ಫೋನು ನೋಡಿ ಹೋಗುತ್ತಿದ್ದೆ.

ಈ ನಡುವೆ ರಾಯರದ್ದು ಬೇರೆ. ಸೂರ್ಯೋದಯದ ಬೆಳಕಿಗೆ ಸಾಲ್ಜ್‌ಬರ್ಗ್‌ನಲ್ಲೇ ಇರಬೇಕಂತೆ. ಅದಕ್ಕೆ ನಾವು ರಾತ್ರಿಯೇ ಎದ್ದು ಹೊರಡಬೇಕು. ‘ರಾಯರೇ, ಮೋಡ ಇದ್ದರೆ?’ ಅಂದೆ. ‘ಮೋಡ ಇದ್ದರೆ ಸಾಫ್ಟ್ ಲೈಟ್’ ಅಂದರು. ಎಲ್ಲದಕ್ಕೂ ಉತ್ತರ ಇದೆ ಅವರ ಹತ್ತಿರ. ಚೌಕಾಸಿ ಮಾಡಿ ಏಳೂವರೆಗೆ ಒಪ್ಪಿಸಿದೆ. ‘ಪಾಸ್‌ಪೋರ್ಟ್ ಮರೀಬೇಡಿ’ ಅಂತ ನಾಲ್ಕು ಸಲ ಬರೆದೆ. ನಾಲ್ಕಕ್ಕೂ ಹೆಬ್ಬೆಟ್ಟು ಒತ್ತಿದರು.

ಶನಿವಾರ ಬೆಳಿಗ್ಗೆ ಸ್ಟೇಷನ್ನಿನಲ್ಲಿ ಮೆಷಿನ್ ಮುಂದೆ ನಿಂತಿದ್ದೇನೆ. ಎಷ್ಟು ಜನ ಅಂತ ಅದು ಕೇಳುತ್ತಿದೆ. ಒಂದರಿಂದ ಐದರವರೆಗೆ ಗುಂಡಿಗಳಿವೆ. ನಾಲ್ಕೂ ಮುಕ್ಕಾಲಕ್ಕೆ ಗುಂಡಿ ಇಲ್ಲ. ಹಿಂದೆ ಕ್ಯೂನಲ್ಲಿದ್ದ ಅಜ್ಜ ಗಂಟಲು ಸರಿಮಾಡಿಕೊಂಡರು. ಐದು ಒತ್ತಿದೆ.

ಟಿಕೆಟ್ ಬಂದ ಮೇಲೆ ಅದರ ಮೇಲೆ ಪ್ರಯಾಣಿಕರ ಹೆಸರು ಬರೆಯಬೇಕು. ಒಮ್ಮೆ ಬರೆದರೆ ತಿದ್ದುವಂತಿಲ್ಲ. ನಾಲ್ಕು ಹೆಸರನ್ನು ಪೆನ್ನಿನಲ್ಲಿ ಬರೆದೆ. ಐದನೆಯದನ್ನು, ತುಂಬ ಯೋಚನೆ ಮಾಡಿ, ಪೆನ್ಸಿಲ್ಲಿನಲ್ಲಿ ಬರೆದೆ.

ರೈಲು ಬಂತು. ತೊಂಬತ್ತು ಇಲ್ಲ. ಹತ್ತಿ ಕೂತೆವು. ಬಾಗಿಲು ಮುಚ್ಚಿತು. ರಬ್ಬರ್ ಎಲ್ಲಿದೆ ಅಂತ ಬ್ಯಾಗಿನಲ್ಲಿ ತಡಕಾಡುತ್ತಿದ್ದಾಗ ಮೆಸೇಜು. ‘ಹತ್ತಿದೆ ಅನ್ಸುತ್ತೆ.’

ಅನ್ಸುತ್ತೆ! ರೈಲು ಹತ್ತಿದ್ದೇನೋ ಇಲ್ಲವೋ ಅನ್ನುವುದರಲ್ಲೂ ಒಂದು ಹತ್ತು ಪರ್ಸೆಂಟ್ ಉಳಿಸಿಕೊಂಡ ಮನುಷ್ಯನನ್ನು ನಾನು ಇದೇ ಮೊದಲು ನೋಡಿದ್ದು. ವಿಷಯ ಏನಂದರೆ, ಆ ರೈಲು ಎರಡು ರೈಲನ್ನು ಸೇರಿಸಿ ಕಟ್ಟಿದ್ದು. ನಾವು ಮುಂದಿನದರಲ್ಲಿ, ಅವರು ಓಡಿ ಬಂದು ಹಿಂದಿನದರಲ್ಲಿ. ನಡುವೆ ದಾಟಲು ದಾರಿ ಇಲ್ಲ. ಅವರ ಹೆಸರಿರುವ ಟಿಕೆಟ್ ನನ್ನ ಕೈಯಲ್ಲಿ, ಅದೂ ಪೆನ್ಸಿಲ್ಲಿನಲ್ಲಿ.

ರೋಸೆನ್‌ಹೈಮ್‌ನಲ್ಲಿ ರೈಲು ನಿಂತಿತು. ಕಿಟಕಿಯಿಂದ ನೋಡುತ್ತೇನೆ, ಪ್ಲಾಟ್‌ಫಾರಂ ಮೇಲೆ ಟಿಕೆಟ್ ಚೆಕ್ ಮಾಡುವ ಹೆಂಗಸು ದಾಪುಗಾಲು ಹಾಕಿ ಬರುತ್ತಿದ್ದಾರೆ. ಹಿಂದೆ ಎರಡು ಕ್ಯಾಮೆರಾ ನೇತುಹಾಕಿಕೊಂಡು ತೊಂಬತ್ತು. ಹೆಡ್‌ಮೇಷ್ಟ್ರ ಹಿಂದೆ ಬರುವ, ಸೀಬೆಕಾಯಿ ಕದ್ದು ಸಿಕ್ಕಿಬಿದ್ದ ಹುಡುಗನ ನಡಿಗೆ. ಒಳಗೆ ಬಂದವರೇ ಆಕೆ ಕೈ ಚಾಚಿದರು. ಟಿಕೆಟ್ ಕೊಟ್ಟೆ. ಒಂದೊಂದೇ ಹೆಸರು ಓದಿ ಒಬ್ಬೊಬ್ಬರ ಮುಖ ನೋಡಿದರು. ನಮ್ಮ ಹೆಸರುಗಳು ಆ ನಾಲಗೆಯಲ್ಲಿ ಏನೇನೋ ಆಗಿ ಹೊರಬಂದವು, ಆದರೂ ಕೈ ಎತ್ತಿದೆವು. ಐದನೆಯ ಹೆಸರಿಗೆ ಬಂದಾಗ ಟಿಕೆಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜಿದರು. ಅರ್ಧ ಹೆಸರು ಬೆರಳಿಗೆ ಬಂತು.

‘ಬ್ಲೈಶ್ಟಿಫ್ಟ್?’ ಅಂದರು. ಪೆನ್ಸಿಲ್ಲಾ?

ಯಾಕೆ ಅಂತ ಜರ್ಮನ್‌ನಲ್ಲಿ ವಿವರಿಸಲು ಹೊರಟೆ. ‘ಇವರು ಬರುವುದು ತೊಂಬತ್ತು ಪರ್ಸೆಂಟ್ ಇತ್ತು’ ಅಂದೆ. ಆಕೆ ಅವರನ್ನು ಒಮ್ಮೆ ತಲೆಯಿಂದ ಕಾಲಿನವರೆಗೆ ನೋಡಿದರು. ‘ಈಗ ಪೂರ್ತಿ ಬಂದಿದ್ದಾರೆ’ ಅಂದು ತಮ್ಮ ಜೇಬಿನ ಪೆನ್ನು ಕೊಟ್ಟರು. ಇಡೀ ಡಬ್ಬಿ ನೋಡುತ್ತಿರುವಾಗ ಪೆನ್ಸಿಲ್ಲಿನ ಮೇಲೆ ಪೆನ್ನು ತಿದ್ದಿದೆ, ಒಂದನೇ ಕ್ಲಾಸಿನ ಕಾಪಿ ಪುಸ್ತಕದ ಹಾಗೆ. ತೊಂಬತ್ತು ಪಕ್ಕದಲ್ಲಿ ನಿಂತು ‘ಸ್ಪೆಲ್ಲಿಂಗ್‌ನಲ್ಲಿ ಇನ್ನೊಂದು ಎ ಬರುತ್ತೆ’ ಅಂದರು.

ಮುಂದಿನ ಒಂದು ಗಂಟೆ ಎಲ್ಲರೂ ಕಿಟಕಿಯಾಚೆಯ ಬೆಟ್ಟದ ಫೋಟೋ ತೆಗೆದರು. ಆ ಗಾಜು ತೆರೆಯುವುದಿಲ್ಲ. ಹಾಗಾಗಿ ಎಲ್ಲ ಬೆಟ್ಟಗಳ ಮೇಲೂ ಹಾಸನದವರ ಬಿಳಿ ಟೋಪಿ ಹಿಮದ ಹಾಗೆ ಕೂತಿದೆ.

ಸಾಲಾಖ್ ನದಿಯ ಸೇತುವೆ ದಾಟಿದರೆ ಆಸ್ಟ್ರಿಯಾ. ಇಳಿದ ಹತ್ತೇ ನಿಮಿಷಕ್ಕೆ ಮಳೆ. ‘ಬರಲ್ಲ ಮಳೆ, ತೊಂಬತ್ತು ಪರ್ಸೆಂಟ್’ ಅಂತ ಹಿಂದಿನ ರಾತ್ರಿ ಯಾರು ಬರೆದಿದ್ದರು ಅಂತ ಹೇಳಬೇಕಾಗಿಲ್ಲ. ಸಾಲ್ಜ್‌ಬರ್ಗ್‌ನವರು ತಮ್ಮೂರ ಮಳೆಗೆ ‘ಶ್ನ್ಯೂರ್ಲ್‌ರೇಗನ್’ ಅನ್ನುತ್ತಾರೆ. ದಾರದ ಮಳೆ. ಹನಿಯಾಗಿ ಬೀಳದೆ ಎಳೆಯಾಗಿ ಇಳಿಯುತ್ತದೆ. ನಮ್ಮ ಸೋನೆ ಮಳೆಯ ದೊಡ್ಡಮ್ಮನ ಮಗಳು ಅನ್ನಿ. ನಾನು ಶಿವಮೊಗ್ಗದವಳು, ಮಳೆಗೆ ಹೆದರುವುದಿಲ್ಲ. ನನ್ನ ಶೂ ಮಾತ್ರ ಇಲ್ಲಿಯದು.

ಮಿರಾಬೆಲ್ ತೋಟದಲ್ಲಿ ನಿಂತರೆ ಹೂವಿನ ಪಾತಿ, ಅದರಾಚೆ ಚರ್ಚಿನ ಗುಮ್ಮಟ, ಅದರ ಮೇಲೆ ಗುಡ್ಡದ ಕೋಟೆ, ಎಲ್ಲ ಒಂದೇ ಚೌಕಟ್ಟಿನಲ್ಲಿ ಬರುತ್ತವೆ. ಪೋಸ್ಟ್‌ಕಾರ್ಡಿನಲ್ಲಿ ಬರುತ್ತವೆ. 1077ರಲ್ಲಿ ಕಟ್ಟಲು ಶುರು ಮಾಡಿದ ಕೋಟೆ ಅದು, ಅಂದಿನಿಂದ ಅಲ್ಲೇ ಇದೆ. ನಾವು ಹೋದ ದಿನ ರಜೆ ಹಾಕಿತ್ತು. ಗುಡ್ಡದ ಜಾಗದಲ್ಲಿ ಒಂದು ಬೂದು ಕಂಬಳಿ. ತೋಟದ ಅರಮನೆ ನೋಡಿ ಅಂತ ಸಮಾಧಾನ ಮಾಡಿದೆ. 1606ರಲ್ಲಿ ಇಲ್ಲಿನ ಆರ್ಚ್‌ಬಿಷಪ್ ವೋಲ್ಫ್ ಡೀಟ್ರಿಖ್ ತನ್ನ ಪ್ರೇಯಸಿಗೆ ಕಟ್ಟಿಸಿಕೊಟ್ಟದ್ದು. ಆರ್ಚ್‌ಬಿಷಪ್ಪರಿಗೆ ಪ್ರೇಯಸಿಯೇ ಅಂತ ರಾಯರು ಬೇಜಾರು ಮಾಡಿಕೊಂಡರು. ‘ಅಂತೂ ಆತ ಯಾವುದರಲ್ಲೂ ಹತ್ತು ಪರ್ಸೆಂಟ್ ಬಾಕಿ ಇಟ್ಟಿರಲಿಲ್ಲ’ ಅಂದೆ. ತೊಂಬತ್ತಿಗೆ ಕೇಳಿಸಲಿಲ್ಲ, ಲೆನ್ಸ್ ಒರೆಸುತ್ತಿದ್ದರು.

ಆಮೇಲೆ ಗೆಟ್ರೈಡೆಗಾಸ್ಸೆ. ಅಂಗಡಿಗಳ ಮುಂದೆ ಕಬ್ಬಿಣದ ಚಂದದ ಫಲಕ ತೂಗುವ ಇಕ್ಕಟ್ಟಾದ ಬೀದಿ. 9ನೇ ನಂಬರಿನ ಹಳದಿ ಮನೆಯಲ್ಲಿ ಸಂಗೀತಗಾರ ಮೊಜಾರ್ಟ್ 1756ರ ಜನವರಿ 27ರಂದು ಹುಟ್ಟಿದ. ರಾಯರಿಗೆ ಆ ಬೀದಿ ಖಾಲಿ ಬೇಕು. ಒಬ್ಬರೂ ಇರಬಾರದು. ಶನಿವಾರ ಮಧ್ಯಾಹ್ನ, ಎಲ್ಲ ದೇಶದ ಕೊಡೆಗಳೂ ಅಲ್ಲೇ ಇವೆ. ಅವೆನ್ಯೂ ರಸ್ತೆ ಖಾಲಿಯಾಗಲಿ ಅಂತ ಕಾದ ಹಾಗೆ ಟ್ರೈಪಾಡ್ ಬಿಡಿಸಿ ನಿಂತರು. ದೊಡ್ಡ ಕ್ಯಾಮೆರಾ ನೋಡಿ ಜನ ಬಂದು ಅವರ ಕೈಗೆ ತಮ್ಮ ಫೋನು ಕೊಡತೊಡಗಿದರು. ನಲವತ್ತು ನಿಮಿಷದಲ್ಲಿ ರಾಯರು ಒಂಬತ್ತು ಕುಟುಂಬಗಳ ಫೋಟೋ ತೆಗೆದುಕೊಟ್ಟರು. ತಮ್ಮದು ಒಂದೂ ಇಲ್ಲ. ಅವತ್ತಿನ ಒಳ್ಳೆಯ ಫೋಟೋ ಹಾಸನದವರ ಹೆಂಡತಿಯದು. ಗಂಡನ ಮೂರು ಲೆನ್ಸಿನ ಬ್ಯಾಗು ಒಂದು ಕೈಯಲ್ಲಿ, ಪುಳಿಯೋಗರೆ ಇನ್ನೊಂದರಲ್ಲಿ. ಪುಳಿಯೋಗರೆಯನ್ನು ಅರೆ ಗಳಿಗೆ ಗಂಡನಿಗೆ ಕೊಟ್ಟು, ನೆಲದ ಮೇಲೆ ನಿಂತ ನೀರಿನಲ್ಲಿ ಬಿದ್ದ ಆ ಫಲಕದ ನೆರಳನ್ನು ಫೋನಿನಲ್ಲಿ ತೆಗೆದರು. ಒಂದೇ ಒಂದು. ‘ಸಾಕು ಬನ್ನಿ, ಹಸಿವಾಗಿದೆ’ ಅಂದರು.

ಒಂದೇ ಒಂದು ಅಂದಾಗ ಅಪ್ಪನ ನೆನಪಾಯಿತು. ಅಪ್ಪನ ಹತ್ತಿರ ಆಗ್ಫಾ ಕ್ಲಿಕ್ ತ್ರೀ ಕ್ಯಾಮೆರಾ ಇತ್ತು, ಕರೀ ಡಬ್ಬಿಯಂಥದ್ದು. ಒಂದು ರೋಲಿಗೆ ಹನ್ನೆರಡು ಫೋಟೋ. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಮೀಟರ್ ಗೇಜಿನ ರೈಲಿನಲ್ಲಿ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ಜೋಗಕ್ಕೆ. ಹನ್ನೆರಡರಲ್ಲಿ ಮೂರು ಜಲಪಾತಕ್ಕೆ, ಒಂದು ಅಜ್ಜಿಗೆ, ಒಂದು ನಮಗೆ, ಹೀಗೆ ಹೊರಡುವ ಮುಂಚೆಯೇ ಲೆಕ್ಕ. ಫೋಟೋ ತೆಗೆಯುವಾಗ ಅಪ್ಪ ಉಸಿರು ಕಟ್ಟುತ್ತಿದ್ದರು, ನಾವೂ ಕಟ್ಟುತ್ತಿದ್ದೆವು. ಕೊನೆಯದೊಂದನ್ನು ‘ಇರಲಿ’ ಅಂತ ಯಾವಾಗಲೂ ಉಳಿಸಿಕೊಳ್ಳುತ್ತಿದ್ದರು. ಆ ಡಬ್ಬಿ ಬರೋಡಾದಲ್ಲಿ ತಯಾರಾದದ್ದು. ಆದರೆ ಆಗ್ಫಾದ ಮೂಲ ಕ್ಯಾಮೆರಾ ಕಾರ್ಖಾನೆ ಇದ್ದದ್ದು ಮ್ಯೂನಿಕ್ಕಿನಲ್ಲಿ, ನಾನು ಈಗ ಬಾಡಿಗೆಗಿರುವ ಗೀಸಿಂಗ್‌ನಲ್ಲೇ. ಅದರ ಎತ್ತರದ ಕಟ್ಟಡವನ್ನು 2008ರಲ್ಲಿ ಸಿಡಿಸಿ ಉರುಳಿಸಿದರು. ನಾನು ಬರುವಷ್ಟರಲ್ಲಿ ಅಲ್ಲಿ ಮನೆಗಳು, ಮಕ್ಕಳ ಜಾರುಬಂಡೆ. ತರಕಾರಿ ತರಲು ಹೋಗುವಾಗ ಆ ದಾರಿಯಲ್ಲಿ ಒಮ್ಮೊಮ್ಮೆ ಸುಮ್ನೆ ನಿಲ್ಲುತ್ತೇನೆ. ಅಪ್ಪನಿಗೆ ತೋರಿಸೋಣವೆಂದರೆ ಏನನ್ನು ಅಂತ ಫೋಟೋ ತೆಗೆಯಲಿ?

ವಾಪಸ್ ಬರುವಾಗ ಫ್ರೈಲಾಸ್ಸಿಂಗ್‌ನಲ್ಲಿ ಪೊಲೀಸರು ಹತ್ತಿದರು. ಹೋಗುವಾಗ ಗಡಿ ಅನ್ನುವುದೇ ಗೊತ್ತಾಗುವುದಿಲ್ಲ, ಬರುವಾಗ ಮಾತ್ರ 2015ರಿಂದ ಈ ತಪಾಸಣೆ ಇದೆ. ಎಲ್ಲರೂ ಪಾಸ್‌ಪೋರ್ಟು, ವಾಸದ ಕಾರ್ಡು ತೆಗೆದೆವು. ತೊಂಬತ್ತು ಕಾರ್ಡು ಕೊಟ್ಟು ಕೂತರು.

‘ಪಾಸ್‌ಪೋರ್ಟ್ ತಂದಿದ್ದೀರಿ ತಾನೇ?’ ಅಂದೆ.

‘ತೊಂಬತ್ತು ಪರ್ಸೆಂಟ್ ಬ್ಯಾಗಲ್ಲೇ ಇದೆ.’

ನನ್ನ ಕೈ ತಾನಾಗಿ ಬೆಳಗಾವಿ ಹುಡುಗನ ಭುಜ ಹಿಡಿಯಿತು. ‘ಅಕ್ಕ, ಸಮಾಧಾನ’ ಅಂದ. ಬ್ಯಾಗು ಬಿಚ್ಚಿದರು. ಲೆನ್ಸಿನ ಮುಚ್ಚಳ ಐದು, ಲೆನ್ಸ್ ಎರಡು. ಒರೆಸುವ ಬಟ್ಟೆ. ಚಾರ್ಜರು. ಅರ್ಧ ತಿಂದ ಕೋಡುಬಳೆಯ ಪೊಟ್ಟಣ. ಹಾಸನದವರು ಅದು ತಮ್ಮದೆಂದು ಗುರುತಿಸಿದರು, ಆದರೆ ಆ ಹೊತ್ತಲ್ಲಿ ಏನೂ ಹೇಳಲಿಲ್ಲ. ಒಂದೇ ಒಂದು ಕಾಲುಚೀಲ. ಎಲ್ಲಕ್ಕಿಂತ ತಳದಲ್ಲಿ, ಗರಿಗರಿಯಾಗಿ ಮಡಚಿದ ಹೊಸ ರೇನ್‌ಕೋಟು. ಇಡೀ ದಿನ ತೊಪ್ಪೆಯಾಗಿ ತಿರುಗಿದ ಮನುಷ್ಯನ ಬ್ಯಾಗಿನಲ್ಲಿ! ಅದರ ಜೇಬಿನಲ್ಲಿ ಪಾಸ್‌ಪೋರ್ಟು. ನಮ್ಮ ಗುಂಪಿನಲ್ಲಿ ಅವತ್ತು ಒದ್ದೆಯಾಗದೆ ಉಳಿದದ್ದು ಅದೊಂದೇ.

ಪೊಲೀಸ್ ಹುಡುಗ ಪಾಸ್‌ಪೋರ್ಟಿನ ಫೋಟೋ ನೋಡಿದ, ಎದುರಿಗಿದ್ದ ಮುಖ ನೋಡಿದ, ಮತ್ತೆ ಫೋಟೋ ನೋಡಿದ. ತೊಂಬತ್ತು ಪರ್ಸೆಂಟ್ ಹೊಂದಿರಬೇಕು, ಬಿಟ್ಟ.

ಈಗ ಗುಂಪಿನಲ್ಲಿ ಎಲ್ಲರದೂ ಸೇರಿ ಸಾವಿರದ ನೂರ ಚಿಲ್ಲರೆ ಫೋಟೋ ಬಂದು ಬಿದ್ದಿದೆ. ನಾನಿರುವುದು ಒಂದರಲ್ಲಿ. ಮೊಣಕೈ ಮಾತ್ರ.

ಇದನ್ನು ಬರೆಯುವ ನಡುವೆ ಅಪ್ಪ ಫೋನ್ ಮಾಡಿದರು. ‘ಎಷ್ಟು ತೆಗೆದ್ರೇ ಫೋಟೋ?’ ಅಂದರು. ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

‘ಅಷ್ಟನ್ನೂ ಪ್ರಿಂಟ್ ಹಾಕಿಸ್ತೀಯಾ?’

‘ಒಂದಾದರೂ ಹಾಕಿಸಿ ಕಳಿಸ್ತೀನಿ ಅಪ್ಪ’ ಅಂದೆ. ‘ಮುಂದಿನ ವಾರ. ತೊಂಬತ್ತು ಪರ್ಸೆಂಟ್.’