ಝೂಮ್ ಎಷ್ಟು ಹೋಗ್ತದೆ ಭಾವ?

ಮೊನ್ನೆ ಜಾತ್ರೆಯ ಯಕ್ಷಗಾನ ಆಟಕ್ಕೆ ಕ್ಯಾಮೆರಾ ಹೊತ್ತುಕೊಂಡು ಹೋಗಿದ್ದೆ. ನಡುರಾತ್ರಿ ಕಳೆದು ಮಹಿಷಾಸುರನ ಪ್ರವೇಶ. ಗದ್ದೆಯ ಆಚೆ ತುದಿಯಿಂದ ದೊಂದಿ, ರಾಳದ ಹುಡಿಯ ಬೆಂಕಿ, ಚೆಂಡೆಯ ಅಬ್ಬರ, ಜನರ ನಡುವೆ ಸೀಳಿಕೊಂಡು ಬರುವ ಮಹಿಷ. ಇದಕ್ಕಾಗಿಯೇ ನಿದ್ದೆ ಬಿಟ್ಟು ಕಾದಿದ್ದೆ. ಮೆಲ್ಲ ಝೂಮ್ ತಿರುಗಿಸಿದೆ. ಚಿತ್ರ ಕಪ್ಪಾಯಿತು. ಲೆನ್ಸು ಫೋಕಸ್ ಹುಡುಕಲು ಹೊರಟಿತು. ಮಹಿಷ ರಂಗಸ್ಥಳ ಹತ್ತಿ ಆರ್ಭಟ ಮುಗಿಸಿದ ಮೇಲೆ ಅದಕ್ಕೆ ಫೋಕಸ್ ಸಿಕ್ಕಿತು. ಅದೂ ಮುಂದಿನ ಸಾಲಿನ ಯಾರದ್ದೋ ಬೋಳುತಲೆಯ ಮೇಲೆ.

ಮರುದಿನ ಟಿವಿಗೆ ಹಾಕಿ ಮನೆಯವರಿಗೆಲ್ಲ ತೋರಿಸಿದರೆ ದೊಡ್ಡಮ್ಮ ಕಿವಿಗೊಟ್ಟು ಕೇಳಿ, "ಭಾಗವತರ ಪದದ ಎಡೆಯಲ್ಲಿ ಅದೆಂತ ಜೀರುಂಡೆ?" ಅಂದರು. ಜೀರುಂಡೆ ಅಲ್ಲ ದೊಡ್ಡಮ್ಮ, ಲೆನ್ಸಿನ ಮೋಟಾರು.

ಕ್ಯಾಮೆರಾ ಜೊತೆ ಬರುವ 18-55 ಕಿಟ್ ಲೆನ್ಸಿನ ಹಣೆಬರಹವೇ ಇಷ್ಟು. ಈ ನಂಬರು ಸಣ್ಣದಾದರೆ ಅಗಲಕ್ಕೆ ಕಾಣುತ್ತದೆ, ದೊಡ್ಡದಾದರೆ ದೂರದ್ದು ಹತ್ತಿರ ಬರುತ್ತದೆ. 18ರಲ್ಲಿ ಎಫ್ 3.5 ಅಂತ ಬಾಯಿ ತೆರೆದಿರುತ್ತದೆ, 55ಕ್ಕೆ ಹೋಗುವಷ್ಟರಲ್ಲಿ 5.6 ಆಗಿರುತ್ತದೆ. ಎಫ್ ನಂಬರು ಹೆಚ್ಚಿದಷ್ಟೂ ಬಾಯಿ ಸಣ್ಣ. ಬೆಳಕು ಅರ್ಧಕ್ಕಿಂತಲೂ ಕಡಿಮೆ. ಫೋಟೋ ಆದರೆ ಶಟರ್ ನಿಧಾನ ಮಾಡಿ ಸುಧಾರಿಸಬಹುದು. ವಿಡಿಯೋದಲ್ಲಿ ಆ ದಾರಿಯೂ ಇಲ್ಲ. ಸೆಕೆಂಡಿಗೆ 25 ಫ್ರೇಮಿಗೆ ಶಟರ್ 1/50 ಸೆಕೆಂಡ್ ಅಂತ ಇಟ್ಟರೆ ಅಲ್ಲಿಗೇ ನಿಲ್ಲಬೇಕು. ನಮ್ಮ ಕರೆಂಟು 50 ಹರ್ಟ್ಜ್. ಸುಮ್ನೆ ಹೆಚ್ಚುಕಡಿಮೆ ಮಾಡಿದರೆ ಟ್ಯೂಬ್‌ಲೈಟ್ ಕೆಳಗೆ ದೇವಿಯ ಮುಖದ ಮೇಲೆ ಪಟ್ಟೆ ಪಟ್ಟೆ ಓಡುತ್ತದೆ.

ಹಾಗಾಗಿ ಹೊಸ ಲೆನ್ಸು ಬೇಕೇ ಬೇಕು ಅಂತ ಮನೆಯಲ್ಲಿ ಬಾಯಿಬಿಟ್ಟೆ. ಭಾವನ ಸವಾರಿ ಬಂತು.

ನಮ್ಮ ಭಾವನಿಗೆ ಲೆನ್ಸಿನ ವಿಷಯದಲ್ಲಿ ಗೊತ್ತಿರುವ ಪ್ರಶ್ನೆ ಒಂದೇ. "ಝೂಮ್ ಎಷ್ಟು ಹೋಗ್ತದೆ ಭಾವ?" 50ರವರೆಗೆ ಅಂದರೆ ಮುಖ ಸಣ್ಣ ಮಾಡುತ್ತಾರೆ. 135 ಅಂದರೆ ಕವಳದ ಬಾಯಲ್ಲೇ ತಲೆ ಆಡಿಸುತ್ತಾರೆ. 300 ಅಂದರೆ ಎದ್ದು ಹೋಗಿ ಕವಳ ಉಗಿದು ಬಂದು ಸರಿಯಾಗಿ ಕೂರುತ್ತಾರೆ. ಅವರ ಕೈಗೆ ಯಾವ ಕ್ಯಾಮೆರಾ ಸಿಕ್ಕಿದರೂ ಮೊದಲು ತಿರುಗುವುದು ಅಡಿಕೆ ಮರದ ತುದಿಗೆ. ಗೊನೆಯಲ್ಲಿ ಕೊಳೆರೋಗ ಕಾಣಬೇಕು. ಕಂಡರೆ ಲೆನ್ಸು ಪಾಸು, ಕಾಣದಿದ್ದರೆ "ಇದಕ್ಕೆ ಇಷ್ಟು ಪೈಸೆಯಾ?"

"ಭಾವ, ನಾನು ತೆಗೆಯುವುದು ಆಟ, ಮದುವೆ, ಉಪನಯನ. ಬೆಳಕು ಕಡಿಮೆ ಇರುವಲ್ಲಿ ತೆಗೆಯಬೇಕು. ಎಫ್ 2.8 ಬೇಕು, ಝೂಮ್ ತಿರುಗಿಸಿದರೂ ಅದು ಬದಲಾಗಬಾರದು" ಅಂದೆ.

"ಆಯ್ತು" ಅಂದರು. ಸ್ವಲ್ಪ ಯೋಚಿಸಿದರು. "ಅದು ಎಷ್ಟು ದೂರ ಹೋಗ್ತದೆ?"

5.6ಕ್ಕೆ ಹೋಲಿಸಿದರೆ 2.8ರಲ್ಲಿ ನಾಲ್ಕು ಪಟ್ಟು ಬೆಳಕು ಒಳಗೆ ಬರುತ್ತದೆ ಅಂತ ಕಾಗದದಲ್ಲಿ ವೃತ್ತ ಬರೆದು ತೋರಿಸಿದೆ. ಶ್ರದ್ಧೆಯಿಂದ ನೋಡಿದರು. ತಮ್ಮ ಮೊಬೈಲು ತೆಗೆದು, ಎರಡು ಬೆರಳು ಅಗಲಿಸಿ, ಆಚೆ ಗುಡ್ಡದ ತೆಂಗಿನ ಮರವನ್ನು ಹತ್ತಿರ ತಂದರು. ಅದು ತೆಂಗಿನ ಮರ ಅನ್ನುವುದು ಅವರು ಹೇಳಿದ ಮೇಲೆ ಗೊತ್ತಾಯಿತು. "ನೋಡು, ಇದಕ್ಕೆ ಲೆನ್ಸೇ ಬೇಡ!" ಮನೆಯವರೆಲ್ಲ ಹೌದು ಹೌದು ಅಂದರು. ದೊಡ್ಡಮ್ಮ ಕೂಡ.

ಲೆನ್ಸುಗಳೇನು ಸಾಚಾ ಅಲ್ಲ ಬಿಡಿ. ಒಂದೊಂದಕ್ಕೆ ಒಂದೊಂದು ಊನ. 18-135 ಎಸ್‌ಟಿಎಂ ಅಂತ ಬೇರೆ ನಮೂನೆಯ ಮೋಟಾರಿನದ್ದು, ಸದ್ದಿಲ್ಲದೆ ಫೋಕಸ್ ಮಾಡುತ್ತದೆ, ಭಾವನಿಗೂ ಒಪ್ಪಿಗೆ, ಆದರೆ ತುದಿಯಲ್ಲಿ ಮತ್ತೆ ಅದೇ 5.6. ಸಿಗ್ಮಾ ಕಂಪೆನಿಯ 18-35 ಎಫ್ 1.8 ಅಂತ 2013ರಲ್ಲಿ ಬಂದದ್ದು ಕತ್ತಲಿಗೆ ಹೇಳಿ ಮಾಡಿಸಿದ್ದು. ಆದರೆ ಕೈನಡುಕ ತಡೆಯುವ ವ್ಯವಸ್ಥೆ ಇಲ್ಲ, ತೂಕ ಮುಕ್ಕಾಲು ಕಿಲೋಗಿಂತ ಜಾಸ್ತಿ, 35ಕ್ಕೆ ಮುಗಿದೇ ಹೋಯಿತು. ದೊಡ್ಡ ಸೆನ್ಸರಿನವರ 24-70 ನಮ್ಮ ಸಣ್ಣ ಸೆನ್ಸರಿನ ಕ್ಯಾಮೆರಾದಲ್ಲಿ 38ರ ಹಾಗೆ ಶುರುವಾಗುತ್ತದೆ. ನಮ್ಮ ಮನೆಗಳ ಜಗಲಿಯಲ್ಲಿ ನಿಂತು ಹೋಮಕುಂಡ, ಭಟ್ಟರು, ವಟು, ಸೋದರಮಾವ ಎಲ್ಲ ಒಂದೇ ಫ್ರೇಮಿಗೆ ಬರಬೇಕಾದರೆ ಹಿಂದೆ ಹಿಂದೆ ಸರಿದು ಬಾವಿಕಟ್ಟೆಗೆ ಮುಟ್ಟುತ್ತೇನೆ. ಉಳಿದದ್ದು 17-50 ಎಫ್ 2.8. ಸಿಗ್ಮಾದಲ್ಲಿ ಇದೆ, ಟ್ಯಾಮ್ರಾನಿನಲ್ಲೂ ಇದೆ. ಟ್ಯಾಮ್ರಾನಿನದ್ದು ನಡುಕ ತಡೆಯುವುದು ಒಂದು, ತಡೆಯದ್ದು ಒಂದು. ಹೆಸರು ಹೆಚ್ಚುಕಡಿಮೆ ಒಂದೇ.

ಕಾಸರಗೋಡು ಪೇಟೆಯಲ್ಲಿ ಮಲಯಾಳದಲ್ಲಿ ಕೇಳಿದೆ. ಮಂಗಳೂರಿಗೆ ಹೋಗಿ ತುಳುವಿನಲ್ಲಿ ಕೇಳಿದೆ. ಭಾಷೆ ಬದಲಾದರೂ ಉತ್ತರ ಬದಲಾಗಲಿಲ್ಲ: ಮಿರರ್‌ಲೆಸ್ ತಗೊಳ್ಳಿ. ಅಂದರೆ ಒಳಗೆ ಕನ್ನಡಿ ಇಲ್ಲದ ಹೊಸ ನಮೂನೆಯ ಕ್ಯಾಮೆರಾ. ಅಂಗಡಿಯ ಹುಡುಗ ಕನ್ನಡಿ ಇರುವ ನನ್ನ ಹಳೆ ನಮೂನೆಯ ಡಿಎಸ್‌ಎಲ್‌ಆರ್ ಅನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದ. ಪಾಪ, ಗೌರವದಿಂದಲೇ ನೋಡಿದ. ಕ್ಯಾಮೆರಾ ಬದಲಾಯಿಸುವಷ್ಟು ದುಡ್ಡಿದ್ದರೆ ನಾನು ಲೆನ್ಸಿಗೆ ಯಾಕೆ ಅಲೆಯುತ್ತಿದ್ದೆ ಹೇಳಿ?

ಇನ್ನು ಸೆಕೆಂಡ್ ಹ್ಯಾಂಡೇ ಗತಿ. ವರ್ಷಕ್ಕೆ 3000 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುವ ನಮ್ಮ ಕಡೆ ಹಳೆ ಲೆನ್ಸು ಅಂದರೆ ಫಂಗಸ್ಸಿನ ತವರುಮನೆ. ಸಿಕ್ಕಿದ್ದಕ್ಕೆಲ್ಲ ಟಾರ್ಚ್ ಬಿಟ್ಟು ನೋಡಿದೆ. ಒಂದರೊಳಗೆ ಬಿಳಿ ಬಿಳಿ ಎಳೆ ಕವಲೊಡೆದು ಹಬ್ಬಿತ್ತು. ಮಾರುವವ "ಅದು ಫೋಟೋದಲ್ಲಿ ಬರುವುದಿಲ್ಲ ಸಾರ್" ಅಂದ. ಭಾವ ಬಗ್ಗಿ ನೋಡಿ "ಕೊಳೆ" ಅಂದರು. ಆ ದಿನ ಮಾತ್ರ ಅವರನ್ನು ಕರೆದುಕೊಂಡು ಹೋದದ್ದು ಒಳ್ಳೆಯದಾಯಿತು.

ಈ ನಡುವೆ ಹಳೆ ವಿಡಿಯೋಗಳನ್ನು ತೆಗೆದು ನೋಡಿದೆ, ನಾನು ಯಾವ ನಂಬರಿನಲ್ಲಿ ಜಾಸ್ತಿ ತೆಗೆಯುತ್ತೇನೆ ಅಂತ ತಿಳಿಯಲು. ನಮ್ಮ ಕನ್ನಡ ಶಾಲೆಯ ವಾರ್ಷಿಕೋತ್ಸವವೂ ಅದರಲ್ಲಿತ್ತು. ಮೊದಮೊದಲು ಸ್ವಾಗತಗೀತೆಯ ಮಕ್ಕಳೆಲ್ಲ ಹಿಡಿಸಬೇಕಾದರೆ 18 ಸಾಲುತ್ತಿರಲಿಲ್ಲ, ಅಂಚಿನ ಮಕ್ಕಳ ಕೈ ತುಂಡಾಗುತ್ತಿತ್ತು. ಈಚಿನದ್ದರಲ್ಲಿ 35ರಲ್ಲಿ ಎಲ್ಲರೂ ಆರಾಮ ಹಿಡಿಸಿದ್ದಾರೆ. ಹುಡುಗರು ದೂರ ದೂರ ನಿಂತಿದ್ದಾರೆ, ವೇದಿಕೆ ತುಂಬಿದ ಹಾಗೆ ಕಾಣಲಿ ಅಂತ ಟೀಚರೇ ನಿಲ್ಲಿಸಿದ್ದಿರಬೇಕು.

ಕೊನೆಗೆ ಸಿಗ್ಮಾ 17-50 ತಂದೆ. ಫೋಕಸ್ ಕೈಯಲ್ಲೇ ತಿರುಗಿಸುವುದು ಅಂತ ತೀರ್ಮಾನ ಮಾಡಿದ್ದೇನೆ, ದೊಡ್ಡಮ್ಮನ ಜೀರುಂಡೆಗೂ ಮುಕ್ತಿ. ಆದರೆ ಇದರ ಮುಂದಿನ ಬಾಯಿ 77 ಮಿ.ಮೀ. ಹಳೆಯ ಲೆನ್ಸಿಗೆ ಹಗಲಿನ ಬಿಸಿಲು ತಡೆಯಲು ಕೊಂಡಿದ್ದ 58ರ ಎನ್‌ಡಿ ಫಿಲ್ಟರು ಇದಕ್ಕೆ ಕೂರುವುದಿಲ್ಲ. ಹೊಸತಕ್ಕೆ ಮತ್ತೆ ಪೈಸೆ. ಅಡಿಕೆ ಮಾರುವವರೆಗೆ ಮದುವೆಗಳನ್ನೆಲ್ಲ ನೆರಳಲ್ಲೇ ತೆಗೆಯಬೇಕು.

58ರ ಫಿಲ್ಟರು ಮಾರಾಟಕ್ಕಿದೆ. ಗೀರಿಲ್ಲ, ಫಂಗಸ್ಸಿಲ್ಲ. ಬೇಕಾದವರು ಹೇಳಿ. ಅದು ಎಷ್ಟು ದೂರ ಹೋಗ್ತದೆ ಅಂತ ಮಾತ್ರ ಕೇಳಬೇಡಿ.